ಉಸಿರಾಟ ನೆರವಿನ ಮುಖವಾಡ ಧರಿಸಿದ ರೋಗಿಗಳ ಮಾತು: ರೋಗಿಗಳು, ಮನೆಯವರು ಹಾಗೂ ಆರೈಕೆದಾರರಿಗೆ ಮಾಹಿತಿ

ಪೀಠಿಕೆ

ಶ್ವಾಸಕೋಶದ ತೀವ್ರ ತೊಂದರೆಯಿಂದ ಬಳಲುವ ರೋಗಿಗಳಿಗೆ ಗಂಟಲಿನೊಳಗೆ ಕೊಳವೆ ಹಾಕದೆ, ಮುಖಕ್ಕೆ ಬಿಗಿಯಾದ ಮುಖವಾಡ ತೊಡಿಸಿ ಯಂತ್ರದ ಮೂಲಕ ಒತ್ತಡದಲ್ಲಿ ಗಾಳಿ ಅಥವಾ ಆಮ್ಲಜನಕ ನೀಡುವ ಚಿಕಿತ್ಸಾ ಪದ್ಧತಿ ಇಂದು ಹಲವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಸಿಪ್ಯಾಪ್ ಮತ್ತು ಬೈಪ್ಯಾಪ್ ಎಂಬ ಹೆಸರಿನ ಯಂತ್ರಗಳು ಈ ವರ್ಗಕ್ಕೆ ಸೇರಿವೆ. ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರು ಹಾಗೂ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ಇವುಗಳನ್ನು ಮನೆಯಲ್ಲಿಯೂ ಬಳಸುತ್ತಾರೆ.

ಈ ಚಿಕಿತ್ಸೆ ಪಡೆಯುವ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಹೇಳಬೇಕಾದ ವಿಷಯವೂ ಇರುತ್ತದೆ. ಆದರೆ ಮುಖವಾಡದೊಳಗಿನ ಮಾತು ಹೊರಗಿನವರಿಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಮಾತು ಅರ್ಥವಾಗದಿದ್ದಾಗ ರೋಗಿಯು ಮುಖವಾಡವನ್ನು ಸರಿಸಲು ಪ್ರಯತ್ನಿಸುತ್ತಾನೆ. ಇಲ್ಲವೇ ಹೇಳುವುದನ್ನೇ ಬಿಟ್ಟುಬಿಡುತ್ತಾನೆ. ಎರಡೂ ಅಪಾಯಕರ. ಮುಖವಾಡ ಸರಿದರೆ ಯಂತ್ರ ಕೊಡುತ್ತಿರುವ ಒತ್ತಡ ತಪ್ಪುತ್ತದೆ. ಹೇಳುವುದನ್ನು ಬಿಟ್ಟರೆ ನೋವು, ವಾಕರಿಕೆ, ಉಸಿರುಗಟ್ಟುವಿಕೆ ಮುಂತಾದ ಸೂಚನೆಗಳು ಸಿಬ್ಬಂದಿಗೆ ತಲುಪುವುದಿಲ್ಲ.

ಸರಳವಾದ ಕೆಲವು ಕ್ರಮಗಳನ್ನು ಅನುಸರಿಸಿದಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ಕಡಿಮೆ ಮಾಡಬಹುದು. ಇವುಗಳಿಗೆ ವಿಶೇಷ ಉಪಕರಣವಾಗಲಿ, ಹೆಚ್ಚಿನ ಖರ್ಚಾಗಲಿ ಬೇಕಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಹಿನ್ನೆಲೆ

ಯಂತ್ರದ ನೆರವಿನಿಂದ ಉಸಿರಾಡುವ ರೋಗಿಗಳು ಮಾತನಾಡುವ ಸಮಸ್ಯೆ ಹೊಸದಲ್ಲ. 1928ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಮೊದಲು ಬಳಕೆಗೆ ಬಂದ, ಕಬ್ಬಿಣದ ಶ್ವಾಸಕೋಶವೆಂದು ಹೆಸರಾದ ಪೆಟ್ಟಿಗೆಯಾಕಾರದ ಯಂತ್ರದಲ್ಲಿ ಪೋಲಿಯೊ ರೋಗಿಗಳು ಕುತ್ತಿಗೆಯವರೆಗೆ ಮಲಗಿರುತ್ತಿದ್ದರು. ಅವರ ಮುಖ ಹೊರಗಿದ್ದರೂ, ಯಂತ್ರ ಉಸಿರನ್ನು ಹೊರಬಿಡುವ ಅವಧಿಯಲ್ಲಿ ಮಾತ್ರ ಮಾತು ಸಾಧ್ಯವಾಗುತ್ತಿತ್ತು. ಯಂತ್ರದ ಲಯಕ್ಕೆ ತಕ್ಕಂತೆ ಮಾತನ್ನು ತುಂಡು ಮಾಡಿ ಹೇಳುವುದನ್ನು ಅವರು ರೂಢಿಸಿಕೊಂಡಿದ್ದರು.

ಮುಖವಾಡದ ಮೂಲಕ ನಿರಂತರ ಒತ್ತಡದ ಗಾಳಿ ನೀಡುವ ಸಿಪ್ಯಾಪ್ ಪದ್ಧತಿಯನ್ನು ನಿದ್ರೆಯಲ್ಲಿ ಉಸಿರು ಕಟ್ಟುವ ರೋಗಿಗಳಿಗಾಗಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ನಂತರದ ವರ್ಷಗಳಲ್ಲಿ, ಒಳಗೆಳೆದುಕೊಳ್ಳುವಾಗ ಹೆಚ್ಚು ಮತ್ತು ಹೊರಬಿಡುವಾಗ ಕಡಿಮೆ ಒತ್ತಡ ನೀಡುವ ಬೈಪ್ಯಾಪ್ ಯಂತ್ರಗಳು ರೂಢಿಗೆ ಬಂದವು.

2020 ಮತ್ತು 2021ರ ಕೋವಿಡ್ ಅಲೆಗಳ ಸಮಯದಲ್ಲಿ ಈ ಮುಖವಾಡಗಳ ಬಳಕೆ ಬಹಳ ಹೆಚ್ಚಾಯಿತು. ಆಗ ರೋಗಿಯ ಬಾಯಿ ಯಂತ್ರದ ಮುಖವಾಡದಲ್ಲಿ, ಸಿಬ್ಬಂದಿಯ ಬಾಯಿ ರಕ್ಷಣಾ ಮುಖಗವಸಿನಲ್ಲಿ ಮುಚ್ಚಿತ್ತು. ರೋಗಿಯ ಮಾತಿನ ರೀತಿ ಬಲ್ಲ ಮನೆಯವರಿಗೆ ವಾರ್ಡಿನೊಳಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ಮುಖವಾಡದ ಚಿಕಿತ್ಸೆಯಲ್ಲಿ ಮಾತುಕತೆಗೂ ಮುಂಚಿತವಾಗಿ ಏರ್ಪಾಡು ಬೇಕೆಂಬುದನ್ನು ಆ ಅನುಭವ ತೋರಿಸಿಕೊಟ್ಟಿತು.

2. ನೆರವಿನ ವಿಧಗಳು ಮತ್ತು ಮಾತಿನ ಮೇಲಿನ ಪರಿಣಾಮ

ಅ) ಮೂಗಿನ ನಳಿಕೆ: ಮೂಗಿನ ಹೊಳ್ಳೆಗಳಲ್ಲಿ ಇಡುವ ಸಣ್ಣ ನಳಿಕೆ. ಬಾಯಿ ತೆರೆದಿರುವುದರಿಂದ ಮಾತಿಗೆ ಹೆಚ್ಚು ಅಡ್ಡಿಯಿಲ್ಲ. ಅಧಿಕ ಹರಿವಿನ ಆಮ್ಲಜನಕ ನೀಡುವಾಗ ಗಾಳಿಯ ಸದ್ದು ಇರುತ್ತದೆಯಾದರೂ ಮಾತು ಸಾಧ್ಯ.

ಆ) ಮೂಗಿನ ಮುಖವಾಡ: ಮೂಗನ್ನು ಮಾತ್ರ ಮುಚ್ಚುತ್ತದೆ. ತುಟಿಗಳ ಚಲನೆ ಕಾಣುತ್ತದೆ. ಆದರೆ ಬಾಯಿ ತೆರೆದೊಡನೆ ಗಾಳಿ ಬಾಯಿಯ ಮೂಲಕ ಸೋರುತ್ತದೆ.

ಇ) ಮೂಗು ಮತ್ತು ಬಾಯಿ ಎರಡನ್ನೂ ಮುಚ್ಚುವ ಮುಖವಾಡ: ಆಸ್ಪತ್ರೆಗಳ ತೀವ್ರ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ. ಮಾತಿಗೆ ಅತಿ ಹೆಚ್ಚು ತೊಡಕಾಗುವುದೂ ಇದರಿಂದಲೇ. ಈ ಪುಟದ ಮಾಹಿತಿ ಮುಖ್ಯವಾಗಿ ಇದಕ್ಕೆ ಸಂಬಂಧಿಸಿದೆ.

ಈ) ಇಡೀ ಮುಖವನ್ನು ಅಥವಾ ತಲೆಯನ್ನು ಆವರಿಸುವ ಸಾಧನ: ತುಟಿಗಳು ಕಾಣುತ್ತವೆ, ಆದರೆ ಒಳಗಿನ ಗಾಳಿಯ ಸದ್ದಿನಿಂದ ರೋಗಿಗೆ ಹೊರಗಿನವರ ಮಾತು ಕೇಳಿಸುವುದು ಕಷ್ಟ.

3. ಮಾತು ಅಸ್ಪಷ್ಟವಾಗಲು ಕಾರಣಗಳು

ಮಾತಿಗೆ ಬೇಕಾದ ಬಂಡವಾಳ ಉಸಿರು. ನಾವು ಹೊರಬಿಡುವ ಉಸಿರಿನ ಮೇಲೆಯೇ ಧ್ವನಿ ಹೊರಡುತ್ತದೆ. ಶ್ವಾಸಕೋಶದ ತೊಂದರೆ ಇರುವವರಿಗೆ ಈ ಬಂಡವಾಳ ಮೊದಲೇ ಕಡಿಮೆ. ಯಂತ್ರ ಗಾಳಿಯನ್ನು ಒಳಗೆ ತಳ್ಳುತ್ತಿರುವಾಗ ಮಾತನಾಡಲು ಹೋದರೆ ಧ್ವನಿ ತುಂಡಾಗುತ್ತದೆ. ಇದರ ಜೊತೆಗೆ,

- ಮುಖವಾಡದ ಗೋಡೆ ಧ್ವನಿಯ ತೀಕ್ಷ್ಣ ಅಂಶವನ್ನು ತಡೆಯುತ್ತದೆ. ಸ, ಶ, ಚ, ತ ಮುಂತಾದ ಧ್ವನಿಗಳು ಹೆಚ್ಚು ನಷ್ಟವಾಗುತ್ತವೆ.
- ಮುಖವಾಡದ ಅಂಚು ತುಟಿಗಳ ಚಲನೆಗೆ ಅಡ್ಡಿಯಾದಲ್ಲಿ ಪ, ಬ, ಮ ಅಕ್ಷರಗಳ ವ್ಯತ್ಯಾಸ ಮಸುಕಾಗುತ್ತದೆ.
- ಒತ್ತಡದ ಗಾಳಿಯಿಂದ ಬಾಯಿ, ನಾಲಗೆ ಒಣಗುತ್ತವೆ.
- ಯಂತ್ರದ ಸದ್ದು ಮತ್ತು ವಾರ್ಡಿನ ಗದ್ದಲ ಮಾತನ್ನು ಮುಚ್ಚುತ್ತವೆ.
- ಕೇಳುವವರಿಗೆ ತುಟಿಗಳು ಕಾಣುವುದಿಲ್ಲ. ಸಾಮಾನ್ಯವಾಗಿ ನಾವು ಅರಿವಿಲ್ಲದೆಯೇ ತುಟಿಗಳನ್ನು ನೋಡಿ ಮಾತನ್ನು ಗ್ರಹಿಸುತ್ತಿರುತ್ತೇವೆ.

4. ಕನ್ನಡ ಮಾತಿನಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶ

ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಹೌದೋ ಅಲ್ಲವೋ, ಬೇಕೋ ಬೇಡವೋ, ಇದೆಯೋ ಇಲ್ಲವೋ ಎಂಬುದು ವಾಕ್ಯದ ಕೊನೆಯ ಪದದಲ್ಲಿ ತೀರ್ಮಾನವಾಗುತ್ತದೆ. ಮುಖವಾಡ ಧರಿಸಿದ ರೋಗಿಯ ಉಸಿರು ಮುಗಿಯುವುದೂ ವಾಕ್ಯದ ಕೊನೆಯಲ್ಲಿಯೇ. ಆದ್ದರಿಂದ ಮಾತಿನ ಅತಿ ಮುಖ್ಯ ಭಾಗವೇ ಕೇಳಿಸದೆ ಹೋಗುತ್ತದೆ.

ಉದಾಹರಣೆಗೆ, “ಎದೆಯ ಎಡಗಡೆ ನೋವು ಇದೆ” ಮತ್ತು “ಎದೆಯ ಎಡಗಡೆ ನೋವು ಇಲ್ಲ” ಎಂಬ ಎರಡು ವಾಕ್ಯಗಳಲ್ಲಿ ಮೊದಲ ಮೂರು ಪದಗಳು ಒಂದೇ. ಕೊನೆಯ ಪದ ಕೇಳಿಸದಿದ್ದರೆ ಕೇಳುವವರು ಊಹೆಯಿಂದ ತುಂಬಿಕೊಳ್ಳುತ್ತಾರೆ. ಆ ಊಹೆ ತಪ್ಪಾಗಬಹುದು.

ಇದಲ್ಲದೆ, ರೋಗಿಯ ಹಾಸಿಗೆಯ ಬಳಿ ಪದೇ ಪದೇ ಬಳಕೆಯಾಗುವ ಕೆಲವು ಪದಗಳು ಮುಖವಾಡದೊಳಗಿಂದ ಒಂದೇ ರೀತಿ ಕೇಳಿಸುತ್ತವೆ. ಅವುಗಳಲ್ಲಿ ಹಲವು ಪರಸ್ಪರ ವಿರುದ್ಧಾರ್ಥದವು:

- ಬೇಕು – ಬೇಡ: ಮೊದಲ ಅಕ್ಷರ ಒಂದೇ, ವ್ಯತ್ಯಾಸ ಇರುವುದು ಉಸಿರು ಮುಗಿಯುವ ಎರಡನೆಯ ಅಕ್ಷರದಲ್ಲಿ.
- ಇದೆ – ಇಲ್ಲ: ಇಲ್ಲಿಯೂ ಅದೇ ತೊಂದರೆ.
- ನೀರು – ನೋವು: ಎರಡೂ ನಕಾರದಿಂದ ಆರಂಭವಾಗಿ ಉಕಾರದಲ್ಲಿ ಮುಗಿಯುತ್ತವೆ. ನೋವೆಂದು ಹೇಳುವ ರೋಗಿಗೆ ನೀರು ತಂದುಕೊಡುವ ಸಂಭವವಿದೆ.
- ಸಾಕು – ಹಾಕು: ಸಕಾರದ ಧ್ವನಿ ನಷ್ಟವಾದರೆ ನಿಲ್ಲಿಸಲು ಹೇಳಿದ್ದು ಇನ್ನಷ್ಟು ಹಾಕಲು ಹೇಳಿದಂತೆ ಕೇಳಿಸುತ್ತದೆ.
- ಬಿಚ್ಚಿ – ಮುಚ್ಚಿ: ಬಕಾರ ಮತ್ತು ಮಕಾರ ಒಂದಾಗಿ ಕೇಳಿಸುತ್ತವೆ.

ಪರಿಹಾರ ಸರಳವಾಗಿದೆ. ತೀರ್ಮಾನದ ಪದವನ್ನು ಮೊದಲು ಹೇಳಿ, ವಿಷಯವನ್ನು ನಂತರ ಹೇಳಬೇಕು. “ನನಗೆ ಈಗ ನೀರು ಬೇಡ” ಎನ್ನುವ ಬದಲು “ಬೇಡ... ನೀರು” ಎಂದು ಹೇಳಬೇಕು. “ಬೆನ್ನಲ್ಲಿ ನೋವು ಇದೆ” ಎನ್ನುವ ಬದಲು “ಇದೆ ನೋವು... ಬೆನ್ನು” ಎಂದು ಹೇಳಬೇಕು. ಆಡುಮಾತಿನಲ್ಲಿ ಈ ಕ್ರಮ ನಮಗೆ ಅಪರಿಚಿತವಲ್ಲ. ಒತ್ತಿ ಹೇಳುವಾಗ ಎಲ್ಲರೂ “ಬೇಡ, ಊಟ ಬೇಡ” ಎನ್ನುತ್ತೇವೆ. ಉಸಿರು ತುಂಬಿರುವಾಗ ಮುಖ್ಯ ಪದ ಹೊರಬಂದರೆ ಅದು ಕೇಳಿಸುತ್ತದೆ.

ಗೊಂದಲಕ್ಕೆ ಎಡೆಮಾಡುವ ಪದಗಳಿಗೆ ಬದಲಿ ಪದಗಳನ್ನು ಇಟ್ಟುಕೊಳ್ಳುವುದೂ ಉಪಯುಕ್ತ. ನೀರಿಗೆ “ಕುಡಿಯೋಕೆ”, ಸಾಕು ಎನ್ನುವುದಕ್ಕೆ “ನಿಲ್ಸಿ”, ಬಿಚ್ಚಿ ಎನ್ನುವುದಕ್ಕೆ “ತೆಗೀರಿ” ಎಂದು ಹೇಳಿದರೆ ತಪ್ಪು ತಿಳಿಯುವ ಸಂಭವ ಕಡಿಮೆ.

5. ರೋಗಿಗಳು ಅನುಸರಿಸಬೇಕಾದ ಕ್ರಮಗಳು

1. ಮಾತನಾಡಲು ಮುಖವಾಡವನ್ನು ತಾವಾಗಿಯೇ ತೆಗೆಯಬಾರದು, ಸಡಿಲಿಸಬಾರದು. ಬಿಡುವು ಬೇಕಾದಲ್ಲಿ ವೈದ್ಯರು ಅಥವಾ ಶುಶ್ರೂಷಾಧಿಕಾರಿಯ ಅನುಮತಿ ಪಡೆಯಬೇಕು.
2. ಯಂತ್ರ ಗಾಳಿ ತಳ್ಳಿ ಮುಗಿಸುವವರೆಗೆ ಕಾಯಬೇಕು. ಉಸಿರು ಹೊರಹೋಗುವಾಗ ಮಾತು ಆರಂಭಿಸಬೇಕು.
3. ಒಂದು ಉಸಿರಿಗೆ ಎರಡು ಅಥವಾ ಮೂರು ಪದ ಸಾಕು. ನಂತರ ನಿಲ್ಲಿಸಿ, ಮುಂದಿನ ಉಸಿರಿಗೆ ಮುಂದಿನ ಪದ ಹೇಳಬೇಕು.
4. ಕೂಗಬಾರದು. ಕೂಗಿದಾಗ ಉಸಿರು ಬೇಗ ಖರ್ಚಾಗುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ. ನಿಧಾನವಾಗಿ ಅಕ್ಷರ ಬಿಡಿಸಿ ಹೇಳಬೇಕು.
5. ಮೊದಲು ವಿಷಯದ ಹೆಸರು ತಿಳಿಸಬೇಕು. “ಮನೆ”, “ಔಷಧಿ”, “ಹೊಟ್ಟೆ” ಎಂದು ಒಂದೇ ಪದದಲ್ಲಿ ವಿಷಯ ತಿಳಿದರೆ ಕೇಳುವವರಿಗೆ ಮುಂದಿನ ಮಾತು ಹಿಡಿಯುವುದು ಸುಲಭ.
6. ಕಟ್ಟಿಸಿದ ಹಲ್ಲಿನ ಸೆಟ್ ಇದ್ದಲ್ಲಿ ಧರಿಸಬಹುದೇ ಎಂದು ಸಿಬ್ಬಂದಿಯನ್ನು ಕೇಳಬೇಕು. ಹಲ್ಲಿನ ಸೆಟ್ ಸರಿಯಾಗಿ ಕೂತರೆ ಮಾತೂ ಸ್ಪಷ್ಟವಾಗುತ್ತದೆ, ಮುಖವಾಡವೂ ಚೆನ್ನಾಗಿ ಕೂರುತ್ತದೆ. ಸಡಿಲವಾಗಿದ್ದರೆ ಅಥವಾ ರೋಗಿ ಮಂಪರಿನಲ್ಲಿದ್ದರೆ ಅದು ಅಪಾಯ.
7. ಬಾಯಿ ಒಣಗಿದಲ್ಲಿ ತಿಳಿಸಬೇಕು. ಯಂತ್ರಕ್ಕೆ ತೇವಾಂಶ ಒದಗಿಸುವ ಭಾಗವನ್ನು ಜೋಡಿಸಲು ಅವಕಾಶವಿರುತ್ತದೆ. ಒಣಗಿದ ತುಟಿಗಳಿಗೆ ತುಪ್ಪ, ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಮನೆಗಳಲ್ಲಿದೆ. ಆಮ್ಲಜನಕ ನೀಡುತ್ತಿರುವಾಗ ಎಣ್ಣೆ ಜಿಡ್ಡಿನ ಪದಾರ್ಥ ಹಚ್ಚಬಾರದು. ನೀರಿನ ಅಂಶದ ಮುಲಾಮನ್ನು ಸಿಬ್ಬಂದಿಯಿಂದ ಕೇಳಿ ಪಡೆಯಬೇಕು.

6. ಮನೆಯವರು ಮತ್ತು ಆರೈಕೆದಾರರು ಅನುಸರಿಸಬೇಕಾದ ಕ್ರಮಗಳು

1. ರೋಗಿಗೆ ಕಾಣುವಂತೆ ಎದುರು ಕುಳಿತು ಮಾತನಾಡಬೇಕು. ತಲೆಯ ಹಿಂದೆ ನಿಂತು ಮಾತನಾಡಬಾರದು.
2. ಕನ್ನಡಕ ಮತ್ತು ಶ್ರವಣ ಸಾಧನ ಬಳಸುವವರಿಗೆ, ಮುಖವಾಡದ ಪಟ್ಟಿಗೆ ತೊಂದರೆಯಾಗದಂತೆ ಅವುಗಳನ್ನು ಹಾಕಿಕೊಡಬೇಕು. ರೋಗಿಗೆ ಕೇಳಿಸದೆ ಇರುವುದನ್ನು ರೋಗಿಗೆ ತಿಳಿಯುತ್ತಿಲ್ಲವೆಂದು ಭಾವಿಸಬಾರದು.
3. ಟಿ.ವಿ., ಮೊಬೈಲ್ ಸದ್ದು ನಿಲ್ಲಿಸಬೇಕು. ಹಲವರು ಒಟ್ಟಿಗೆ ಮಾತನಾಡಬಾರದು. ಯಂತ್ರದ ಎಚ್ಚರಿಕೆ ಗಂಟೆಯನ್ನು ಮಾತ್ರ ಯಾವುದೇ ಕಾರಣಕ್ಕೂ ನಿಲ್ಲಿಸಬಾರದು.
4. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು. “ತಾತ, ನೀರು ಬೇಕಾ, ಬೇಡ್ವಾ?” ಎಂದು ಜೋಡಿ ಪ್ರಶ್ನೆ ಕೇಳಿದರೆ, ರೋಗಿಯು “ಹೂಂ” ಎಂದಾಗ ಅದು ಯಾವುದಕ್ಕೆ ಎಂದು ತಿಳಿಯುವುದಿಲ್ಲ. “ತಾತ, ನೀರು ಬೇಕಾ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಬೇಕು.
5. ನಕಾರದ ಪ್ರಶ್ನೆ ಕೇಳಬಾರದು. “ನೋವಿಲ್ಲ ತಾನೇ?” ಎಂಬ ಪ್ರಶ್ನೆಗೆ “ಹೂಂ” ಎಂದರೆ ನೋವಿಲ್ಲವೆಂದೋ, ನೋವಿದೆಯೆಂದೋ ಸ್ಪಷ್ಟವಾಗದು. “ಅಜ್ಜಿ, ನೋವಿದ್ಯಾ?” ಎಂದು ನೇರವಾಗಿ ಕೇಳಬೇಕು.
6. ಕೇಳಿಸಿದ್ದನ್ನು ಹಿಂದಿರುಗಿಸಿ ಹೇಳಿ ಖಚಿತಪಡಿಸಿಕೊಳ್ಳಬೇಕು. “ಬೆನ್ನು ನೋವು ಅಂದ್ರಿ, ಸರಿನಾ?” ಎಂದು ಕೇಳಬೇಕು. ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆಯಾಡಿಸಬಾರದು. ಕೇಳಿಸಿದಷ್ಟು ಭಾಗವನ್ನು ಹೇಳಿ, ಉಳಿದದ್ದನ್ನು ಮಾತ್ರ ಮತ್ತೊಮ್ಮೆ ಹೇಳಲು ಕೋರಿದರೆ ರೋಗಿಯ ಉಸಿರು ಉಳಿತಾಯವಾಗುತ್ತದೆ.
7. ನೀರು, ಆಹಾರ ಕೇಳಿದಲ್ಲಿ ಸಿಬ್ಬಂದಿಯ ಅನುಮತಿ ಇಲ್ಲದೆ ನೀಡಬಾರದು. ಆದರೆ ಕೇಳಿಸಿಕೊಂಡಿರುವುದನ್ನು ರೋಗಿಗೆ ತಿಳಿಸಬೇಕು. “ಸಿಸ್ಟರ್‌ನ ಕೇಳಿ ಬರ್ತೀನಿ” ಎಂಬ ಒಂದು ಮಾತಿನಿಂದ ರೋಗಿಗೆ ಸಮಾಧಾನವಾಗುತ್ತದೆ.

7. ಹೌದು ಮತ್ತು ಇಲ್ಲ ಎಂಬುದಕ್ಕೆ ಸಂಜ್ಞೆ

“ಹೂಂ” ಮತ್ತು “ಊಹೂಂ” ಎಂಬ ಪದಗಳನ್ನು ಬಾಯಿ ತೆರೆಯದೆಯೇ ಹೇಳಬಹುದಾದ್ದರಿಂದ ಮುಖವಾಡದಲ್ಲಿಯೂ ಇವು ಸುಲಭ. ಆದರೆ ಯಂತ್ರದ ಸದ್ದಿನಲ್ಲಿ ಎರಡರ ನಡುವಿನ ವ್ಯತ್ಯಾಸ ತಪ್ಪಿಹೋಗಬಹುದು. ತಲೆಯಾಡಿಸುವುದರಿಂದ ಮುಖವಾಡ ಸರಿದು ಗಾಳಿ ಸೋರುತ್ತದೆ. ಅಲ್ಲದೆ ನಮ್ಮಲ್ಲಿ ತಲೆಯನ್ನು ಓರೆಯಾಗಿ ಆಡಿಸುವ ರೂಢಿ ಇರುವುದರಿಂದ ಅದು ಹೌದೋ ಅಲ್ಲವೋ ಎಂದು ಹೊಸಬರಿಗೆ, ವಿಶೇಷವಾಗಿ ಬೇರೆ ರಾಜ್ಯದಿಂದ ಬಂದ ಸಿಬ್ಬಂದಿಗೆ, ತಿಳಿಯದೆ ಹೋಗಬಹುದು.

ಆದಕಾರಣ ಕೈಯ ಸಂಜ್ಞೆಯನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ:

- ಕೈಯನ್ನು ಒಂದು ಸಲ ಅದುಮಿದರೆ ಹೌದು.
- ಎರಡು ಸಲ ಅದುಮಿದರೆ ಇಲ್ಲ ಅಥವಾ ಬೇಡ.
- ಹಾಸಿಗೆಯನ್ನು ಅಂಗೈಯಿಂದ ಪದೇ ಪದೇ ತಟ್ಟಿದರೆ ಕೂಡಲೇ ಸಿಬ್ಬಂದಿಯನ್ನು ಕರೆಯಿರಿ.
- ಹೊಟ್ಟೆಯ ಮೇಲೆ ಕೈಯಿಟ್ಟು ಮೇಲಕ್ಕೆ ತೋರಿಸಿದರೆ ವಾಂತಿ ಬರುವಂತಿದೆ.

ಡ್ರಿಪ್ ಹಾಕಿರುವ ಕೈಯನ್ನು ಅಥವಾ ಆಮ್ಲಜನಕದ ಮಟ್ಟ ತೋರಿಸುವ ಕ್ಲಿಪ್ ಇರುವ ಬೆರಳನ್ನು ಸಂಜ್ಞೆಗೆ ಬಳಸಬಾರದು. ಕೊನೆಯ ಎರಡು ಸಂಜ್ಞೆಗಳನ್ನು ಮುಖವಾಡ ತೊಡಿಸುವ ಮುನ್ನವೇ ರೋಗಿಗೆ ತಿಳಿಸಿ, ಒಮ್ಮೆ ಮಾಡಿಸಿ ನೋಡಬೇಕು. ಬಾಯಿ ಮುಚ್ಚುವ ಮುಖವಾಡದೊಳಗೆ ವಾಂತಿಯಾದಲ್ಲಿ ಅದು ಶ್ವಾಸನಾಳಕ್ಕೆ ಸೇರುವ ಅಪಾಯವಿದೆ. ಈ ಸಂಜ್ಞೆ ಕಂಡ ಕೂಡಲೇ ಸಿಬ್ಬಂದಿಯನ್ನು ಕರೆಯಬೇಕು. ಮನೆಯಲ್ಲಿ ಯಂತ್ರ ಬಳಸುವವರು ಇಂತಹ ಸಂದರ್ಭದಲ್ಲಿ ಮುಖವಾಡವನ್ನು ಶೀಘ್ರವಾಗಿ ತೆಗೆಯುವ ವಿಧಾನವನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ ಕಲಿತಿರಬೇಕು.

8. ವರ್ಣಮಾಲೆಯ ಫಲಕ

ಸಂಜ್ಞೆಗಳಿಗೆ ನಿಲುಕದ ವಿಷಯಗಳನ್ನು ಅಕ್ಷರ ಬಲ್ಲ ರೋಗಿಗಳು ಬರೆದು ತಿಳಿಸಬಹುದು. ಮೊಬೈಲಿನಲ್ಲಿ ಕನ್ನಡ ಬೆರಳಚ್ಚು ಬಲ್ಲವರು ಅದನ್ನು ಬಳಸಬಹುದು. ಮಲಗಿದಲ್ಲಿಯೇ ಬರೆಯಲು ರಟ್ಟಿಗೆ ಕಟ್ಟಿದ ನೋಟ್ ಪುಸ್ತಕ, ದಪ್ಪ ಪೆನ್ನು ಅನುಕೂಲ. ಸೀಮೆಸುಣ್ಣ ಮತ್ತು ಬಳಪದ ಧೂಳು ಉಸಿರಾಟದ ರೋಗಿಗಳಿಗೆ ಒಳ್ಳೆಯದಲ್ಲ.

ಕೈ ನಡುಗುವ ಅಥವಾ ಬರೆಯಲು ಶಕ್ತಿಯಿಲ್ಲದ ರೋಗಿಗೆ ಅಕ್ಷರ ಫಲಕ ನೆರವಾಗುತ್ತದೆ. ಕನ್ನಡ ವರ್ಣಮಾಲೆಯು ಉಚ್ಚಾರಣೆಯ ಸ್ಥಾನಕ್ಕೆ ಅನುಗುಣವಾಗಿ ಸಾಲುಸಾಲಾಗಿ ಜೋಡಣೆಯಾಗಿರುವುದರಿಂದ ಈ ಕೆಲಸಕ್ಕೆ ಬಹಳ ಅನುಕೂಲಕರ. ಮಹಾಪ್ರಾಣ ಮತ್ತು ವಿರಳ ಅಕ್ಷರಗಳನ್ನು ಬಿಟ್ಟು ದಪ್ಪ ಅಕ್ಷರಗಳಲ್ಲಿ ಈ ಕೆಳಗಿನಂತೆ ಬರೆದುಕೊಳ್ಳಬಹುದು:

ಸಾಲು 1: ಅ ಆ ಇ ಈ ಉ ಊ
ಸಾಲು 2: ಎ ಏ ಐ ಒ ಓ ಔ
ಸಾಲು 3: ಕ ಗ
ಸಾಲು 4: ಚ ಜ
ಸಾಲು 5: ಟ ಡ ಣ
ಸಾಲು 6: ತ ದ ನ
ಸಾಲು 7: ಪ ಬ ಮ
ಸಾಲು 8: ಯ ರ ಲ ವ
ಸಾಲು 9: ಶ ಸ ಹ ಳ

ಮನೆಯವರು ಸಾಲಿನ ಸಂಖ್ಯೆಯನ್ನು ಬೆರಳಿಟ್ಟು ಓದಬೇಕು. ಬೇಕಾದ ಸಾಲು ಬಂದಾಗ ರೋಗಿಯು ಕೈ ಅದುಮುತ್ತಾನೆ ಅಥವಾ ಕಣ್ಣು ಮಿಟುಕಿಸುತ್ತಾನೆ. ನಂತರ ಆ ಸಾಲಿನ ಅಕ್ಷರಗಳನ್ನು ಓದಬೇಕು. 49 ಅಕ್ಷರಗಳ ವರ್ಣಮಾಲೆಯನ್ನು ಮೊದಲಿನಿಂದ ಒಂದೊಂದಾಗಿ ಓದಿದರೆ ಮಕಾರ ತಲುಪಲು 40 ಅಕ್ಷರ ಓದಬೇಕು. ಈ ಫಲಕದಲ್ಲಿ 7 ಸಾಲು ಮತ್ತು 3 ಅಕ್ಷರ, ಒಟ್ಟು 10 ಬಾರಿ ಓದಿದರೆ ಸಾಕು. ಕಾಗುಣಿತ, ಒತ್ತಕ್ಷರ ಕೇಳುವ ಅಗತ್ಯವಿಲ್ಲ. ಮೊದಲ ಎರಡು ಅಕ್ಷರ ದೊರೆತರೆ ಮನೆಯವರು ಉಳಿದದ್ದನ್ನು ಊಹಿಸಿ ಕೇಳಬಹುದು. ಹ ಮತ್ತು ಸ ಎಂದು ತೋರಿಸಿದ ರೈತನಿಗೆ “ಹಸು ವಿಚಾರನಾ?” ಎಂದು ಕೇಳಿದರೆ, ಮನೆಯಲ್ಲಿ ಹಾಲು ಕರೆಯುವವರು ಯಾರೆಂಬ ಆತನ ಚಿಂತೆ ತಿಳಿಯುತ್ತದೆ.

ಅಕ್ಷರ ಬಾರದವರಿಗೆ ಚಿತ್ರಗಳ ಹಾಳೆ ಮಾಡಬೇಕು. ನೀರಿನ ಲೋಟ, ಔಷಧಿ, ಹಾಸಿಗೆ, ಫ್ಯಾನು, ಶೌಚಾಲಯ ಹಾಗೂ ನೋವಿನ ಜಾಗ ತೋರಿಸಲು ಮನುಷ್ಯನ ಆಕೃತಿ ಇದ್ದರೆ ಸಾಕು. ಹತ್ತಕ್ಕಿಂತ ಹೆಚ್ಚು ಚಿತ್ರಗಳಿದ್ದರೆ ಹುಡುಕುವುದೇ ಆಯಾಸವಾಗುತ್ತದೆ.

9. ಜಿಲ್ಲೆಯ ಪರಿಸ್ಥಿತಿಗೆ ಸಂಬಂಧಿಸಿದ ಸೂಚನೆಗಳು

ಅ) ಸ್ಥಳಾಂತರ: ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಿಂದ ಹೆಚ್ಚಿನ ಚಿಕಿತ್ಸೆಗಾಗಿ ರೋಗಿಗಳನ್ನು ಬೆಂಗಳೂರು ನಗರದ ಆಸ್ಪತ್ರೆಗಳಿಗೆ ಕಳುಹಿಸುವುದು ಸಾಮಾನ್ಯ. ಒಂದೇ ದಿನದಲ್ಲಿ ಆಂಬುಲೆನ್ಸ್ ಸಿಬ್ಬಂದಿ, ತುರ್ತು ವಿಭಾಗ, ವಾರ್ಡ್ ಹೀಗೆ ರೋಗಿಯ ಸುತ್ತಲಿನವರು ಬದಲಾಗುತ್ತಾರೆ. ಒಬ್ಬರೊಂದಿಗೆ ನಿಗದಿಪಡಿಸಿಕೊಂಡ ಸಂಜ್ಞೆ ಮತ್ತೊಬ್ಬರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಒಂದು ಚೀಟಿಯಲ್ಲಿ ಕೆಳಕಂಡ ವಿವರಗಳನ್ನು ಬರೆದು ವೈದ್ಯಕೀಯ ದಾಖಲೆಗಳ ಮೇಲ್ಭಾಗದಲ್ಲಿ ಲಗತ್ತಿಸುವುದು ಸೂಕ್ತ:

- ರೋಗಿಯನ್ನು ಕರೆಯುವ ಹೆಸರು
- ಅರ್ಥವಾಗುವ ಭಾಷೆ. ಓದು ಬರಹ ಬರುತ್ತದೆಯೇ
- ಕನ್ನಡಕ, ಶ್ರವಣ ಸಾಧನ, ಹಲ್ಲಿನ ಸೆಟ್ ಇದೆಯೇ
- ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ
- ಹೌದು, ಇಲ್ಲ, ವಾಂತಿ, ತುರ್ತು ಸಂಜ್ಞೆಗಳು
- ಮುಖವಾಡಕ್ಕೆ ಮೊದಲು ಮಾತು ಹೇಗಿತ್ತು. ಉಗ್ಗು ಅಥವಾ ಹಳೆಯ ಪಾರ್ಶ್ವವಾಯುವಿನ ತೊಂದರೆ ಇತ್ತೇ

ಕೊನೆಯ ವಿವರ ಬಹಳ ಮುಖ್ಯ. ರೋಗಿಯ ಮೊದಲಿನ ಮಾತು ಹೇಗಿತ್ತೆಂದು ತಿಳಿಯದಿದ್ದರೆ ಹೊಸ ಬದಲಾವಣೆಯನ್ನು ವೈದ್ಯರು ಗುರುತಿಸುವುದು ಕಷ್ಟ.

ಆ) ಭಾಷೆ: ಜಿಲ್ಲೆಯಲ್ಲಿ ಕನ್ನಡದೊಂದಿಗೆ ತೆಲುಗು, ಉರ್ದು ಹಾಗೂ ತಮಿಳು ಮನೆಮಾತಿನ ಕುಟುಂಬಗಳಿವೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಮುತ್ತ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಹಾಗೂ ಹೊಸಕೋಟೆಯ ಕೈಗಾರಿಕಾ ಪ್ರದೇಶಗಳಲ್ಲಿ ಹೊರರಾಜ್ಯಗಳ ಕಾರ್ಮಿಕರಿದ್ದಾರೆ. ಉಸಿರಿನ ಕಷ್ಟದಲ್ಲಿರುವ ವ್ಯಕ್ತಿಗೆ ಸುಲಭವಾಗಿ ಬರುವುದು ಮನೆಮಾತು. ಹೊರಗೆ ಕನ್ನಡ ಮಾತನಾಡುವವರೂ ಆಗ ಮನೆಮಾತಿನಲ್ಲಿ ಉತ್ತರಿಸಬಹುದು. ಚಿತ್ರದ ಹಾಳೆಯಲ್ಲಿ ಆಯಾ ಭಾಷೆಯ ಪದವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಸಿಬ್ಬಂದಿಗೆ ನೆರವಾಗುತ್ತದೆ.

ಇ) ಮಗ್ಗದ ಕೆಲಸಗಾರರು: ದೊಡ್ಡಬಳ್ಳಾಪುರವು ವಿದ್ಯುತ್ ಮಗ್ಗಗಳಿಗೆ ಹೆಸರಾದ ಊರು. ಮಗ್ಗಗಳ ಸದ್ದಿನಲ್ಲಿ ಹಲವು ವರ್ಷ ದುಡಿದವರಿಗೆ ಶ್ರವಣ ಶಕ್ತಿ ಕುಂದುವ ಸಂಭವವಿದೆ. ಅವರಿಗೆ ಯಂತ್ರದ ಸದ್ದಿನ ನಡುವೆ ಮಾತು ಕೇಳಿಸುವುದು ಮತ್ತಷ್ಟು ಕಷ್ಟ. ಅದೇ ವೇಳೆ, ಸದ್ದಿನ ನಡುವೆ ಕೈಸನ್ನೆಯಿಂದ ಕೆಲಸ ನಡೆಸಿದ ಅಭ್ಯಾಸ ಉಳ್ಳವರಿಗೆ ಸಂಜ್ಞೆಗಳು ಬೇಗ ಹಿಡಿಯುತ್ತವೆ. ಅವರಿಗೆ ಪರಿಚಿತವಾದ ಸನ್ನೆಗಳನ್ನೇ ಬಳಸಿಕೊಳ್ಳಬಹುದು.

10. ಇವು ಮಾತಿನ ತೊಂದರೆಯಲ್ಲ: ಕೂಡಲೇ ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು

ಮುಖವಾಡವಿದ್ದಾಗ ಮಾತು ಅಸ್ಪಷ್ಟವಾಗಿರುವುದು ಸಹಜವೆಂದು ಭಾವಿಸಿ ಅಪಾಯದ ಲಕ್ಷಣಗಳನ್ನು ಕಡೆಗಣಿಸಬಾರದು. ಕೆಳಕಂಡ ಬದಲಾವಣೆ ಕಂಡುಬಂದಲ್ಲಿ ತಡಮಾಡದೆ ಸಿಬ್ಬಂದಿಯನ್ನು ಕರೆಯಬೇಕು:

- ಮೊದಲು ಮೂರು ನಾಲ್ಕು ಪದ ಹೇಳುತ್ತಿದ್ದವರು ಒಂದು ಪದಕ್ಕೇ ನಿಲ್ಲುವುದು
- ಮಾತು ತೊದಲುವುದು, ಸಂಬಂಧವಿಲ್ಲದ ಮಾತು, ಮನೆಯವರ ಗುರುತು ತಪ್ಪುವುದು
- ಎಬ್ಬಿಸಿದರೂ ಮತ್ತೆ ಮತ್ತೆ ಮಂಪರಿಗೆ ಜಾರುವುದು
- ಬಾಯಿ ಒಂದು ಕಡೆಗೆ ವಾಲುವುದು, ಒಂದು ಕೈ ಬಲಹೀನವಾಗುವುದು
- ತುಟಿ, ಉಗುರು ನೀಲಿಗಟ್ಟುವುದು

ಮಂಪರು ಮತ್ತು ಗೊಂದಲದ ಮಾತು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವುದರ ಸೂಚನೆಯಾಗಿರಬಹುದು. “ರಾತ್ರಿಯೆಲ್ಲ ನಿದ್ದೆ ಇರಲಿಲ್ಲ, ಈಗ ಮಲಗಿದ್ದಾರೆ” ಎಂದು ಸುಮ್ಮನಿರದೆ, ಹೆಸರು ಹಿಡಿದು ಕರೆದು ಉತ್ತರ ಬರುತ್ತದೆಯೇ ಎಂದು ನೋಡಬೇಕು. ಮನೆಯಲ್ಲಿ ಯಂತ್ರ ಬಳಸುವವರಲ್ಲಿ ಈ ಲಕ್ಷಣಗಳು ಕಂಡರೆ 108 ಸಂಖ್ಯೆಗೆ ಕರೆ ಮಾಡಬೇಕು. ಕರೆಯಲ್ಲಿ ರೋಗಿಯಿಂದ ಮಾತನಾಡಿಸದೆ ಮನೆಯವರೇ ವಿವರ ನೀಡಬೇಕು.

11. ಸಮ್ಮತಿಯ ವಿಷಯ

ಮುಖವಾಡದಿಂದಾಗಿ ಮಾತು ಕೇಳಿಸುವುದಿಲ್ಲ ಎಂಬ ಕಾರಣಕ್ಕೆ ರೋಗಿಯ ಪರವಾಗಿ ಮನೆಯವರೇ ಎಲ್ಲವನ್ನೂ ತೀರ್ಮಾನಿಸುವುದು ರೂಢಿಯಲ್ಲಿದೆ. ನಿರ್ಧಾರ ಕೈಗೊಳ್ಳಲು ಶಕ್ತನಾದ ವಯಸ್ಕ ರೋಗಿಯ ಸಮ್ಮತಿಯನ್ನು ರೋಗಿಯಿಂದಲೇ ಪಡೆಯಬೇಕು, ಜೀವಾಪಾಯದ ತುರ್ತು ಸಂದರ್ಭಗಳ ಹೊರತಾಗಿ ಸಂಬಂಧಿಕರು ನೀಡುವ ಸಮ್ಮತಿ ಅದಕ್ಕೆ ಬದಲಿಯಾಗದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದ 2008ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಸ್ಪಷ್ಟವಾಗಿ ಮಾತನಾಡಲು ಆಗದಿರುವುದು ಬೇರೆ, ತೀರ್ಮಾನಿಸಲು ಆಗದಿರುವುದು ಬೇರೆ. ಸಂಜ್ಞೆ, ಬರಹ ಅಥವಾ ಫಲಕದ ಮೂಲಕ ರೋಗಿಯ ಅಭಿಪ್ರಾಯ ತಿಳಿಯಲು ಅವಕಾಶವಿದ್ದಲ್ಲಿ ಅದನ್ನು ಬಳಸಿಕೊಳ್ಳಬೇಕು. ಮುಖ್ಯ ವಿಷಯವನ್ನು ಸ್ವಲ್ಪ ಹೊತ್ತಿನ ನಂತರ ಎರಡನೆಯ ಬಾರಿ ಕೇಳಿ, ಅದೇ ಉತ್ತರ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

12. ತಜ್ಞರ ನೆರವು

ಮಾತು ಮತ್ತು ನುಂಗುವಿಕೆಯ ತೊಂದರೆಗಳಿಗೆ ವಾಕ್ ತಜ್ಞರ ಸಲಹೆ ಪಡೆಯಬಹುದು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದ ರಾಷ್ಟ್ರಮಟ್ಟದ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ವಾಕ್ ಮತ್ತು ಶ್ರವಣ ವಿಭಾಗವಿದೆ. ನರ ಮತ್ತು ಸ್ನಾಯುಗಳ ಕಾಯಿಲೆಯಿಂದ ದೀರ್ಘಕಾಲ ಉಸಿರಾಟದ ನೆರವು ಬೇಕಾಗುವವರು ಮಾತು ಇನ್ನೂ ಸ್ಪಷ್ಟವಾಗಿರುವಾಗಲೇ ವಾಕ್ ತಜ್ಞರನ್ನು ಕಾಣುವುದು ಸೂಕ್ತ. ಮುಂದೆ ಬೇಕಾಗುವ ಸಂಜ್ಞೆ ಮತ್ತು ಫಲಕಗಳ ಅಭ್ಯಾಸವನ್ನು ಆ ಹಂತದಲ್ಲಿ ಸುಲಭವಾಗಿ ಮಾಡಿಕೊಳ್ಳಬಹುದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾತನಾಡಲು ಮುಖವಾಡವನ್ನು ಒಂದು ನಿಮಿಷ ತೆಗೆದರೆ ತೊಂದರೆಯೇ?
ಉತ್ತರ: ಅದು ರೋಗಿಯ ಸ್ಥಿತಿಯನ್ನು ಅವಲಂಬಿಸಿದೆ. ಕೆಲವರಿಗೆ ಬಿಡುವು ನೀಡಲು ಸಾಧ್ಯ. ಕೆಲವರಲ್ಲಿ ಆಮ್ಲಜನಕದ ಮಟ್ಟ ಬೇಗ ಕುಸಿಯುತ್ತದೆ. ವೈದ್ಯರು ಅನುಮತಿಸಿದ ಬಿಡುವಿನ ವೇಳೆಯನ್ನು ಮೊದಲೇ ತಿಳಿದು, ಹೇಳಬೇಕಾದ ಮುಖ್ಯ ವಿಷಯಗಳನ್ನು ಆ ವೇಳೆಗೆ ಇಟ್ಟುಕೊಳ್ಳಬೇಕು.

ಪ್ರಶ್ನೆ: ರೋಗಿಯು ಮಾತನಾಡದೆ ವಿಶ್ರಾಂತಿ ಪಡೆಯುವುದೇ ಒಳ್ಳೆಯದಲ್ಲವೇ?
ಉತ್ತರ: ದೀರ್ಘ ಮಾತುಕತೆ ಬೇಡ. ಆದರೆ ನೋವು, ಭಯ, ಅಗತ್ಯಗಳನ್ನು ತಿಳಿಸುವ ದಾರಿ ಇರಲೇಬೇಕು. ಹೇಳಿಕೊಳ್ಳಲು ಆಗದ ಚಡಪಡಿಕೆಯಿಂದ ಉಸಿರಾಟ ಮತ್ತಷ್ಟು ವೇಗವಾಗುತ್ತದೆ.

ಪ್ರಶ್ನೆ: ಧ್ವನಿ ಸ್ಪಷ್ಟವಾಗಿ ಕೇಳಲು ಮುಖವಾಡದ ಪಟ್ಟಿಯನ್ನು ಸಡಿಲಿಸಬಹುದೇ?
ಉತ್ತರ: ಸಡಿಲಿಸಬಾರದು. ಗಾಳಿ ಸೋರಿ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ, ಕಣ್ಣಿಗೂ ಗಾಳಿ ಬಡಿಯುತ್ತದೆ. ಮುಖವಾಡ ತೀರಾ ಬಿಗಿಯಾಗಿ ನೋವಾಗುತ್ತಿದ್ದಲ್ಲಿ ಸಿಬ್ಬಂದಿಗೆ ತಿಳಿಸಿದರೆ ಅಳತೆ ಪರೀಕ್ಷಿಸುತ್ತಾರೆ.

ಪ್ರಶ್ನೆ: ರೋಗಿಗೆ ಓದು ಬರಹ ಬಾರದು, ಕಿವಿಯೂ ಮಂದ. ಏನು ಮಾಡಬೇಕು?
ಉತ್ತರ: ಚಿತ್ರದ ಹಾಳೆ ಮತ್ತು ಕೈ ಅದುಮುವ ಸಂಜ್ಞೆ ಎರಡನ್ನೂ ಬಳಸಬೇಕು. ವಸ್ತುವನ್ನೇ ಎತ್ತಿ ತೋರಿಸಿ ಕೇಳಬಹುದು. ಪರಿಚಿತರೊಬ್ಬರು ಬಳಿಯಿರಲು ಅವಕಾಶ ನೀಡುವಂತೆ ವಾರ್ಡಿನ ಸಿಬ್ಬಂದಿಯನ್ನು ವಿನಂತಿಸಬಹುದು.

14. ಸಾರಾಂಶ

ಮುಖ್ಯ ಪದ ಮೊದಲು. ಒಂದು ಉಸಿರಿಗೆ ಎರಡು ಮೂರು ಪದ. ಒಂದು ಸಲಕ್ಕೆ ಒಂದು ಪ್ರಶ್ನೆ. ಹೌದು ಮತ್ತು ಇಲ್ಲಕ್ಕೆ ಕೈಯ ಸಂಜ್ಞೆ. ಸಂಜ್ಞೆಗಳ ವಿವರ ರೋಗಿಯ ದಾಖಲೆಗಳೊಂದಿಗೆ. ಈ ಐದು ಅಂಶಗಳನ್ನು ಮನೆಯ ಎಲ್ಲ ಸದಸ್ಯರೂ ತಿಳಿದಿರುವುದು ಸೂಕ್ತ.

ಸೂಚನೆ: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಯಂತ್ರದ ಒತ್ತಡ, ಆಮ್ಲಜನಕದ ಪ್ರಮಾಣ ಮತ್ತು ಮುಖವಾಡದ ವಿಧವನ್ನು ವೈದ್ಯರ ಸೂಚನೆಯಿಲ್ಲದೆ ಬದಲಾಯಿಸಬಾರದೆಂದು ಕೋರಲಾಗಿದೆ.